ಸದ್ದಿಲ್ಲದ ಇಸ್ಕೂಲು

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಒತ್ತಿ ಕತ್ತರಿಸಿ, ಅದೊಂದನ್ನು ಹಳದಿಗಟ್ಟಿ ಗಟ್ಟಿಯಾಗುವ ತನಕ ಬೆಳೆಸಿದ್ದರು. ಅಂಗಳದಿಂದ ಒಂದು ಮರಳಿನ ಹರಳು ಆರಿಸಿ ನಮ್ಮ ಕಿವಿಹಾಲೆಯ ಹಿಂದೆ ಇಟ್ಟು, ಮುಂದಿನಿಂದ ಆ ಉಗುರು ಊರಿ ಹಿಂಡುವರು. ರಕ್ತ ಬರುತ್ತಿದ್ದುದು ಒಂದೇ ತೊಟ್ಟು. ಆದರೆ ಎರಡು ದಿನ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಹಿಂಡುವಾಗ ಅಳಕೂಡದು. ಅತ್ತರೆ ಇನ್ನೊಂದು ಕಿವಿ.

ತಮಿಳು ಸೀಮೆಯಲ್ಲಿ, ಅವಿನಾಶಿಯ ಹತ್ತಿರ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಇಸ್ಕೂಲಿನ ಪಾಠವೂ ತಮಿಳೇ. ಮೇಷ್ಟ್ರನ್ನು ನಾವು ಕರೆಯುತ್ತಿದ್ದುದು ವಾತಿಯಾರು ಎಂದೇ. ಇಸ್ಕೂಲು ಬೀದಿಯ ಹಿರಿಯರು ಸೇರಿ ನಡೆಸುತ್ತಿದ್ದದ್ದು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪಿದರೆ ಸರಕಾರದ ಸಹಾಯ, ಇಲ್ಲದಿದ್ದರೆ ಮುಚ್ಚಬೇಕು. ಮೂವತ್ತರ ದಶಕದ ಆ ವರ್ಷಗಳಲ್ಲಿ ಸಿಂಗಾನಲ್ಲೂರಿನ ಕಡೆ ಮಿಲ್ಲುಗಳು ಏಳುತ್ತಿದ್ದವು. ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪಂದಿರಿಗೆಲ್ಲ ಒಂದೇ ಆಸೆ. ತಮ್ಮ ಮಗ ಮಿಲ್ಲಿನಲ್ಲಿ ಕುರ್ಚಿಯ ಮೇಲೆ ಕೂತು ಬರೆಯಬೇಕು.

ಆ ಇಸ್ಕೂಲನ್ನು ಅವರು ಹೊಗಳುತ್ತಿದ್ದುದು ಅಲ್ಲಿಂದ ಸದ್ದು ಬರುವುದಿಲ್ಲ ಎಂದು. ನಲವತ್ತು ಮಕ್ಕಳು ಒಂದು ಹಂಚಿನ ಚಾವಡಿಯಲ್ಲಿ ಕೂತಿದ್ದರೂ ಪಕ್ಕದ ಮನೆಯ ಲಾಳಿಯ ಸದ್ದು ಒಳಗೆ ಕೇಳುತ್ತಿತ್ತು, ಒಳಗಿನದು ಹೊರಗೆ ಕೇಳುತ್ತಿರಲಿಲ್ಲ. ವಾತಿಯಾರು ತುಟಿಯ ಮೇಲೆ ಬೆರಳಿಟ್ಟು "ಮೂಚ್" ಅನ್ನುವರು. ಉಸಿರೂ ಕೇಳಿಸಕೂಡದು ಎಂದು ಅದರ ಅರ್ಥ. ಎಣ್ಣೆಸ್ನಾನದ ದಿನ ನಮ್ಮಮ್ಮ ನಮ್ಮ ಕಿವಿಗಳನ್ನು ತಿರುಗಿಸಿ ನೋಡುವಳು. ಗಾಯ ಇಲ್ಲದಿದ್ದರೆ ಅವಳಿಗೆ ಸಂಶಯ.

"ಏನೇ, ಈ ವಾರ ವಾತಿಯಾರು ನಿನ್ನ ಕಡೆ ತಿರುಗಿಯೂ ನೋಡ್ಲಿಲ್ವಾ?"

ಇಷ್ಟೇ ಹೇಳಿದರೆ ಅನ್ಯಾಯ. ಅವರ ಅಕ್ಷರ ಮಗ್ಗಕ್ಕೆ ಹಾಸು ಹೂಡಿದ ನೂಲಿನ ಹಾಗೆ ಒಂದೇ ನೇರಕ್ಕೆ ಇರುತ್ತಿತ್ತು. ಜ್ವರ ಬಂದ ಮಗುವಿನ ಮನೆಗೆ ತಾವೇ ಸ್ಲೇಟು ಹಿಡಿದು ಹೋಗಿ, ಜಗಲಿಯ ಮೇಲೆ ಕೂತು ಪಾಠ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಬರುವರು. ಹೆಣ್ಣುಮಕ್ಕಳನ್ನು ಕಳಿಸಿ ಎಂದು ಮನೆಮನೆಗೆ ಹೋಗಿ ಕೇಳಿದವರು ಅವರೊಬ್ಬರೇ. ಮೂವರು ಹುಡುಗಿಯರು ಸೇರಿದೆವು. ನನ್ನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವಾಗ ಆ ಉಗುರು ನನ್ನ ಕೈಗೆ ತಾಗದಂತೆ ಮಡಚಿಕೊಳ್ಳುತ್ತಿದ್ದರು.

ನನ್ನ ತಮ್ಮ ಲಿಂಗನಿಗೆ ಎಂಟು ವರ್ಷ. ಓದಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅವನ ಎರಡು ಕಿವಿಯೂ ಎಂದೂ ಮಾಯುತ್ತಿರಲಿಲ್ಲ. ಅಪ್ಪ ವಾತಿಯಾರ ಮನೆಗೇ ಹೋಗಿ, "ತೊದಲು ಬಿಡೋ ತನಕ ಹಿಂಡಿ, ನಾನು ಕೇಳಲ್ಲ" ಎಂದು ಹೇಳಿ ಬಂದಿದ್ದ.

ಆ ವರ್ಷ ಇನ್‌ಸ್ಪೆಕ್ಟರ್ ಹೇಳಿದ ದಿನಕ್ಕಿಂತ ಒಂದು ದಿನ ಮುಂಚೆಯೇ ಬಂದರು. ಬೀದಿಯ ತುದಿಯಲ್ಲಿ ಜಟಕಾ ನಿಂತದ್ದನ್ನು ನೋಡಿ ವಾತಿಯಾರ ಮುಖ ಬಿಳಿಚಿಕೊಂಡಿತು. ನಮ್ಮ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಲಿಂಗನ ತೋಳು ಹಿಡಿದು ಎಬ್ಬಿಸಿ, ಹಿಂದಿನ ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಕೊಟ್ಟಿಗೆಗೂ ನಮಗೂ ನಡುವೆ ಒಂದು ಮಣ್ಣಿನ ಗೋಡೆ, ಅಷ್ಟೇ. "ಅವರು ಹೋಗೋ ತನಕ ಮೂಚ್" ಎಂದದ್ದು ಕೇಳಿಸಿತು. ಆಮೇಲೆ ಚಿಲಕ ಹಾಕಿದ್ದು.

ಇನ್‌ಸ್ಪೆಕ್ಟರು ಒಳ್ಳೆಯವರು. ಕುರ್ಚಿಯಲ್ಲಿ ಕೂತು, ಬೀದಿಯ ನಾಲ್ಕು ಜನ ತಂದೆಯರನ್ನು ಕರೆಸಿ, ಈ ಇಸ್ಕೂಲಿನಲ್ಲಿ ನಿಮಗೆ ಯಾವುದು ಹಿಡಿಸಿದೆ ಎಂದು ಕೇಳಿದರು. ಮೂವರು ಬೇರೆ ಬೇರೆ ಮಾತಿನಲ್ಲಿ ವಾತಿಯಾರನ್ನು ಹೊಗಳಿದರು. ನಮ್ಮಪ್ಪ ಹೆಗಲ ಮೇಲಿನ ಟವೆಲ್ ಕಂಕುಳಿಗೆ ಇಳಿಸಿ ಹೇಳಿದ:

"ಸಾಮಿ, ನಮ್ಮನೆ ಇಲ್ಲಿಂದ ನಾಲ್ಕನೇದು. ದಿನವೆಲ್ಲ ಮಗ್ಗದ ಮುಂದೆ ಇರ್ತೀನಿ. ಒಂದು ದಿನವೂ, ಒಂದು ಮಗುವಿನ ಸದ್ದೂ ಕೇಳಿಲ್ಲ. ಇದಕ್ಕಿಂತ ಇನ್ನೇನು ಬೇಕು?"

ಇನ್‌ಸ್ಪೆಕ್ಟರು ತಲೆದೂಗಿ ಬರೆದುಕೊಂಡರು. ನನ್ನನ್ನು ಓದಲು ಎಬ್ಬಿಸಿದರು. ಹಸುವಿನ ಪಾಠ. ಎರಡು ಸಾಲು ಓದಿರಬೇಕು, ಬೆನ್ನಹಿಂದಿನ ಗೋಡೆಗೆ ಯಾರೋ ತಟ್ಟಿದರು. ಮೂರು ಸಲ, ಮೆಲ್ಲಗೆ. ನಾನು ನಿಲ್ಲಿಸಿದೆ. ವಾತಿಯಾರು ನನ್ನನ್ನು ನೋಡಿದರು. ನಾನು ದನಿ ಎತ್ತರಿಸಿ ಓದಿದೆ. ಮತ್ತೆ ತಟ್ಟಿದ ಸದ್ದಾಯಿತು. ಇನ್ನೂ ಎತ್ತರಿಸಿದೆ. ಪಾಠ ಮುಗಿಯುವ ಹೊತ್ತಿಗೆ ತಟ್ಟುವುದು ನಿಂತಿತ್ತು. ಇನ್‌ಸ್ಪೆಕ್ಟರು ನನ್ನ ಬೆನ್ನು ತಟ್ಟಿ, ಹೆಣ್ಣುಮಗು ಇಷ್ಟು ಗಟ್ಟಿಯಾಗಿ ಓದಿದ್ದನ್ನು ಈ ಕಡೆ ಎಲ್ಲೂ ಕೇಳಿಲ್ಲ ಎಂದರು. ಅಪ್ಪನಿಗೆ ಹಿಡಿಸಲಾರದಷ್ಟು ಹಿಗ್ಗು.

ಜಟಕಾ ತಿರುಗಿದ ಮೇಲೆ ವಾತಿಯಾರು ಓಡಿಹೋಗಿ ಚಿಲಕ ತೆಗೆದರು. ನಾನೂ ಹಿಂದೆಯೇ ಓಡಿದೆ. ಲಿಂಗ ಗೋಡೆಗೆ ಒರಗಿ ಕೂತಿದ್ದ. ಮೈಯೆಲ್ಲ ನೀರು ಸುರಿದಂತೆ ಬೆವರು. ಪಾದ ಊದಿತ್ತು. ಸೌದೆಯ ಸಂದಿಯಲ್ಲಿ ಕೆಂಪು ಚೇಳು. ಅಂಗಿಯ ತುದಿಯನ್ನು ಉಂಡೆ ಮಾಡಿ ಬಾಯಿತುಂಬ ತುರುಕಿಕೊಂಡಿದ್ದ. ನಾನು ಅದನ್ನು ಎಳೆದು ತೆಗೆದೆ.

"ಅ... ಅಕ್ಕ, ನಾ... ನಾನು ಸದ್ದು ಮಾಡ್ಲಿಲ್ಲ."

ವಾತಿಯಾರು ಅವನನ್ನು ಎತ್ತಿಕೊಂಡು ಬೀದಿಯಲ್ಲಿ ಓಡಿದರು. ಮಂತ್ರ ಹಾಕುವವನು ಬಂದ, ಬೇರು ಅರೆದು ಕುಡಿಸಿದರು, ಗಾಡಿ ಕಟ್ಟಿ ಅವಿನಾಶಿಯಿಂದ ವೈದ್ಯರನ್ನು ಕರೆತಂದರು. ಮಾರನೆಯ ದಿನ ಮಧ್ಯಾಹ್ನ ಲಿಂಗ ಸತ್ತ.

ಹನ್ನೊಂದನೆಯ ದಿನ ವಾತಿಯಾರು ಮನೆಗೆ ಬಂದರು. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಅಪ್ಪನಿಗೆ ಹೇಳಿದರು.

"ಅವನು ತಟ್ಟಿದ್ದು ನನಗೆ ಕೇಳಿಸಿತ್ತು. ತಪ್ಪು ನಂದು."

"ಅವನ ಆಯಸ್ಸು ಅಷ್ಟೇ ಅಂತ ಬರೆದಿತ್ತು, ವಾತಿಯಾರೇ. ನೀವು ಇಸ್ಕೂಲು ನೋಡ್ಕೊಳ್ಳಿ," ಎಂದ ಅಪ್ಪ.

ಅವರು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿ, "ನಿನಗೂ ಕೇಳಿಸ್ತಾ?" ಎಂದಳು. "ಇಲ್ಲಮ್ಮ" ಎಂದೆ. ಮತ್ತೆ ಕೇಳಲಿಲ್ಲ.

ಇಸ್ಕೂಲು ಮತ್ತೆ ತೆರೆದಾಗ ಕೊಟ್ಟಿಗೆ ಇರಲಿಲ್ಲ. ವಾತಿಯಾರೇ ಗುದ್ದಲಿ ಹಿಡಿದು ಕೆಡವಿದ್ದರಂತೆ. ಉಗುರೂ ಇರಲಿಲ್ಲ. ತಪ್ಪು ಓದಿದವನನ್ನು ಪಕ್ಕ ಕೂರಿಸಿಕೊಂಡು ಇನ್ನೊಮ್ಮೆ ಹೇಳಿಕೊಡುವರು. ನಾವು ಮೊದಲು ನಂಬಲಿಲ್ಲ. ಒಬ್ಬ ಪಿಸುಗುಟ್ಟಿ ನೋಡಿದ. ಏನೂ ಆಗಲಿಲ್ಲ. ಇನ್ನೊಬ್ಬ ನಕ್ಕ. ತಿಂಗಳೊಳಗೆ ಚಾವಡಿ ಸಂತೆಯಾಯಿತು. ನಲವತ್ತು ಮಕ್ಕಳು ಒಟ್ಟಿಗೆ ಕೂಗಿ ಮಗ್ಗಿ ಹೇಳುವರು. ಜಗಳವಾಡುವರು, ಹಾಡುವರು. ಕಲಿಯಲಿಲ್ಲವೆಂದಲ್ಲ. ಹಿಂದೆ ಬಾಯಿ ಬಿಡದವರೂ ಆಗ ಓದಲು ಶುರುಮಾಡಿದರು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಾವಿಕಟ್ಟೆಯ ಹತ್ತಿರ ಹೆಂಗಸರು, "ಮುಂಚೆ ಎಷ್ಟು ಚೆನ್ನಾಗಿತ್ತು ಆ ಇಸ್ಕೂಲು" ಎನ್ನತೊಡಗಿದರು. ಹಿರಿಯರು ಎರಡು ಸಲ ಹೇಳಿ ಕಳಿಸಿದರು. ವಾತಿಯಾರು, "ನನ್ನ ಕೈಲಿ ಇನ್ನು ಆಗಲ್ಲ" ಎಂದಷ್ಟೇ ಉತ್ತರ ಕೊಟ್ಟರು. ಕೊನೆಗೆ ಗುಡಿಯ ಜಗಲಿಯಲ್ಲಿ ಸೇರಿ, ಅವರು ಬೇಡ ಎಂದು ಬರೆದು ಕೊಡುವುದೆಂದು ತೀರ್ಮಾನವಾಯಿತು. ಮೊದಲು ಎದ್ದು ನಿಂತು ಈ ವಾತಿಯಾರು ಬೇಡ ಎಂದವನು ನಮ್ಮಪ್ಪ.

"ಮಗ ಹೋದಾಗಲೂ ನೀನು ಸುಮ್ಮನಿದ್ದೆಯಲ್ಲಪ್ಪ, ಈಗ ಯಾಕೆ?" ಎಂದರು ಒಬ್ಬರು ಹಿರಿಯರು.

ಅಪ್ಪ ಹೇಳಿದ. "ಹೊಡೆಯದೆ ಕಲಿಸೋಕೆ ಆಗಲ್ಲ ಅಂತ ನಂಬಿದ್ದೆ. ಅದಕ್ಕೇ ಮಗನ್ನ ಕಳಿಸಿದೆ, ಹಿಂಡಿ ಅಂದೆ. ಈಗ ಬಿಡೋಕೆ ಆಗುತ್ತೆ ಅಂದರೆ ಆವಾಗ ಯಾಕೆ ಬಿಡಲಿಲ್ಲ? ದಿನಾ ಆ ಮಕ್ಕಳು ನಗೋದು ನನ್ನ ಮಗ್ಗಕ್ಕೆ ಕೇಳುತ್ತೆ. ನನ್ನ ಕೈಲಿ ತಡೆಯೋಕೆ ಆಗ್ತಿಲ್ಲ."

ಬರೆಯುವವರು ಯಾರು ಎಂಬ ಪ್ರಶ್ನೆ ಬಂತು. ಆ ಜಗಲಿಯ ಮೇಲಿದ್ದವರಲ್ಲಿ ಒಬ್ಬರಿಗೂ ನೆಟ್ಟಗೆ ನಾಲ್ಕು ಸಾಲು ಬರೆಯಲು ಬಾರದು. ಅಪ್ಪ ಮನೆಗೆ ಬಂದು ನನ್ನನ್ನು ಕರೆದುಕೊಂಡು ಹೋದ. ಹಿರಿಯರು ಹೇಳಿದರು, ನಾನು ಬರೆದೆ. ಶಿಸ್ತಿಲ್ಲ, ಭಯವಿಲ್ಲ, ಮಕ್ಕಳು ಕೆಡುತ್ತಿದ್ದಾರೆ. ಅಕ್ಷರ ಸೊಟ್ಟಗಾಗಬಾರದೆಂದು ಕಾಗದದ ಕೆಳಗೆ ಗೀಟೆಳೆದ ಹಾಳೆ ಇಟ್ಟುಕೊಂಡಿದ್ದೆ. ಹಾಗೆ ಇಟ್ಟುಕೊಳ್ಳುವುದನ್ನು ಕಲಿಸಿದವರೂ ಅವರೇ.

ಮಾರನೆಯ ಬೆಳಿಗ್ಗೆ ಹಿರಿಯರು ಚಾವಡಿಗೆ ಬಂದು ನಮ್ಮೆಲ್ಲರ ಮುಂದೆಯೇ ಅದನ್ನು ಅವರ ಕೈಗೆ ಕೊಟ್ಟರು. ವಾತಿಯಾರು ನಿಂತಲ್ಲೇ ಓದಿದರು. ಅಕ್ಷರ ಯಾರದೆಂದು ಮೊದಲ ಸಾಲಿನಲ್ಲೇ ಗೊತ್ತಾಗಿರಬೇಕು. ಪೂರ್ತಿ ಓದಿ ಮುಗಿಸಿ, ಮಡಚಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಒಂದೂ ತಪ್ಪಿಲ್ಲ, ಕಣಮ್ಮ."

ಅವರು ನನಗೆ ಆಡಿದ ಕೊನೆಯ ಮಾತು ಅದು. ಮಧ್ಯಾಹ್ನ ಒಂದು ತಗಡಿನ ಪೆಟ್ಟಿಗೆ ಹೊತ್ತು ಹೋದರು. ಹೊಸ ವಾತಿಯಾರು ಬೆತ್ತ ತಂದರು. ಬೀದಿ ಮತ್ತೆ ಮೊದಲಿನಂತಾಯಿತು. ಅಪ್ಪ ಸಮಾಧಾನವಾಗಿ ನೇಯ್ದ.

ಐದು ವರ್ಷ ಕಳೆದಿರಬೇಕು. ಸೀರೆ ಮಾರಲು ಮಡತ್ತುಕುಳಂ ಕಡೆ ಹೋಗಿದ್ದ ನಮ್ಮ ಬೀದಿಯವರೊಬ್ಬರು ಸುದ್ದಿ ತಂದರು. ವಾತಿಯಾರು ಅಲ್ಲೊಂದು ಅಕ್ಕಿ ಗಿರಣಿಯಲ್ಲಿ ಮೂಟೆಗಳ ಮೇಲೆ ಗುರುತು ಬರೆಯುವ ಕೆಲಸದಲ್ಲಿದ್ದರಂತೆ. ಯಾರು ಕೇಳಿದರೂ ಮಕ್ಕಳಿಗೆ ಪಾಠ ಹೇಳಲು ಒಪ್ಪಲಿಲ್ಲವಂತೆ. ಜ್ವರದಲ್ಲಿ ಹೋದರು. ಗಿರಣಿಯ ಆಳುಗಳೇ ಮಣ್ಣು ಮಾಡಿದರು.

ಅಪ್ಪ ಲಾಳಿ ನಿಲ್ಲಿಸಲಿಲ್ಲ. ಅಮ್ಮ ರಾಟೆ ಬಿಟ್ಟು ಎದ್ದು, ಹಿತ್ತಿಲಿಗೆ ಹೋಗಿ, ನೆಂಟರ ಸಾವಿನ ಸುದ್ದಿ ಕೇಳಿದವರು ಮಾಡುವ ಹಾಗೆ ತಲೆಗೆ ತಣ್ಣೀರು ಸುರಿದುಕೊಂಡಳು. ಒದ್ದೆ ಸೀರೆಯಲ್ಲಿ ಒಳಗೆ ಬಂದವಳನ್ನು ಅಪ್ಪ ದುರುಗುಟ್ಟಿ ನೋಡಿದ.

"ಅವರೇನು ನಮಗೆ ನೆಂಟರಾ?"

"ನನ್ನ ಮಗನ ವಿಷಯದಲ್ಲಿ ತಪ್ಪು ನಂದು ಅಂತ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ," ಎಂದಳು ಅಮ್ಮ.

ಅಪ್ಪ ಮತ್ತೆ ಲಾಳಿ ಎಸೆದ. ಆಗ ನನಗೆ ಹದಿನೈದು. ಮುಂದೆ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದು ಕನ್ನಡ ಅಕ್ಷರ ಕಲಿತೆ. ಈಗ ಬರೆಯುತ್ತಿರುವುದು ಅದರಲ್ಲೇ. ಆದರೆ ಬರೆಯುವ ಕೈ ಅವರು ತಿದ್ದಿದ್ದು. ಸುದ್ದಿ ಬಂದ ಆ ಮಧ್ಯಾಹ್ನ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದೆ. ಆಮೇಲೆ ನಾನೂ ಹಿತ್ತಿಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಯಾಕೆ ಎಂದು ಅಮ್ಮ ಕೇಳಲಿಲ್ಲ. ಒಣಗಿದ ಸೀರೆ ತಂದು ಬಾಗಿಲ ಹತ್ತಿರ ಇಟ್ಟು, ಮುಖ ನೋಡದೆ ಒಳಗೆ ಹೋದಳು.