ಗಣಿಯ ನೀರಿಗೆ ಇಳಿದ ದೋಣಿ

೨೦೦೪ರ ಜನವರಿ. ಆಗ ನಾನು ಖನಿಜ ಶೋಧನೆಯ ತಂಡವೊಂದರಲ್ಲಿ ಹಿರಿಯ ಭೂವಿಜ್ಞಾನಿ. ಕರಾವಳಿಯ ಬಿಜೂರಿನ ಆಚೆ, ಗುಡ್ಡದ ಮೇಲೆ, ಎಂದೋ ಕೈಬಿಟ್ಟ ಬಾಕ್ಸೈಟ್ ಗಣಿಯೊಂದಿತ್ತು. ಬಾಕ್ಸೈಟ್ ಎಂದರೆ ಅಲ್ಯೂಮಿನಿಯಂ ಅದಿರು. ಅದರಲ್ಲಿ ಗ್ಯಾಲಿಯಂ ಎಂಬ ಅಪರೂಪದ ಲೋಹ ಅತ್ಯಲ್ಪ ಪ್ರಮಾಣದಲ್ಲಿ ಅಡಗಿರುತ್ತದೆ. ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಅದು ಬೇಕೇ ಬೇಕು. ಗಣಿಯ ಗೋಡೆಯ ಮಾದರಿಗಳು ಆಸೆ ಹುಟ್ಟಿಸಿದ್ದವು. ತಳವನ್ನೂ ಪರೀಕ್ಷಿಸಬೇಕಿತ್ತು, ಆದರೆ ಅಲ್ಲಿ ಎರಡಾಳು ನೀರು ನಿಂತಿತ್ತು.

ಪಂಪು ಹಚ್ಚಿ ಖಾಲಿ ಮಾಡಿಸಿ ಎಂದು ಮೇಲಧಿಕಾರಿಯ ಆದೇಶ ಬಂತು. ಪಂಪು ಇಳಿಸುವಷ್ಟರಲ್ಲಿ ಕೆಳಗಿನ ಗದ್ದೆಯ ರತ್ನಕ್ಕ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಮಳೆಗಾಲ ಮುಗಿದ ಮೇಲೆ ಹಾಕುವ ಅವರ ಸುಗ್ಗಿ ಭತ್ತಕ್ಕೆ ಈ ನೀರೊಂದೇ ಆಧಾರ.

"ಹ್ವಾಯ್ ಸಾರ್, ಭತ್ತ ತೆನೆ ಬಪ್ಪ ಹೊತ್ತ್. ಇದನ್ನ್ ಖಾಲಿ ಮಾಡ್ರೆ ಗೆದ್ದಿಗೆ ಎಂತ ಬಿಡೂದ್? ನಿಮ್ಮ್ ಗ್ಯಾಲಿಯಂ ಬಿಡೂದಾ?"

ಪಂಪನ್ನು ಮತ್ತೆ ಲಾರಿಗೆ ಏರಿಸಿದೆ.

"ಹಾಗಾದರೆ ಫೈಲು ಮುಚ್ಚಿ ಬನ್ನಿ," ಎಂದರು ಮೇಲಧಿಕಾರಿ ಫೋನಿನಲ್ಲಿ.

"ನೀರೂ ಉಳಿಯುತ್ತದೆ, ಮಾದರಿಯೂ ಬರುತ್ತದೆ," ಎಂದುಬಿಟ್ಟೆ. ಹೇಗೆಂದು ನನಗೂ ಗೊತ್ತಿರಲಿಲ್ಲ. ಹಠ ನನ್ನ ಹುಟ್ಟುಗುಣ.

ಸಂಜೆ ಮರವಂತೆಯ ಕಡಲ ದಂಡೆಯಲ್ಲಿ ದೋಣಿಗಳನ್ನು ಕಂಡಾಗ ದಾರಿ ಹೊಳೆಯಿತು. ಮೀನುಗಾರ ಮಂಜಣ್ಣನ ಬಳಿ ಎರಡು ದೋಣಿ ಕೇಳಿದೆ.

"ಗುಡ್ಡಿ ಮೇಲೆ ಎಂತ ಮೀನ್ ಇತ್ತ್ ಮಾರಾಯ್ರೆ? ಬಂಗ್ಡಿಯಾ, ಬೂತಾಯಿಯಾ?" ಎಂದು ನಕ್ಕರೂ, ಮರುದಿನ ಲಾರಿಯಲ್ಲಿ ದೋಣಿ ಹೇರಿಸಿಕೊಂಡು ಬಂದರು.

ದೋಣಿಗಳನ್ನು ಜೋಡಿಸಿ, ಹಲಗೆ ಹಾಸಿ, ನಡುವಿನ ಸಂದಿಯಿಂದ ಕೈಯಲ್ಲಿ ತಿರುಗಿಸುವ ಕೊರೆಯುವ ಸಲಾಕೆಯನ್ನು ಇಳಿಸಿದೆವು. ತಳದಲ್ಲಿ ನೀರನ್ನು ಹಿಡಿದು ನಿಲ್ಲಿಸಿದ್ದು ಬಿಳಿ ಜೇಡಿಮಣ್ಣಿನ ಪದರ. ಅದು ತೂತಾದರೆ ನೀರು ಸೋರಿ ಹೋಗುವ ಭಯ. ಸಲಾಕೆಯ ತುದಿಯಲ್ಲಿ ಬಿಳಿ ಮಣ್ಣು ಕಂಡ ಕೂಡಲೇ ನಿಲ್ಲಿಸಬೇಕೆಂದು ತಂಡದ ಹುಡುಗರಿಗೆ ತಾಕೀತು ಮಾಡಿದೆ. ಮೊದಲಿಗೆ ಸಲಾಕೆಯ ಬದಲು ದೋಣಿಗಳೇ ಗರಗರ ತಿರುಗಿದವು. ಮಂಜಣ್ಣ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ದಡದ ಮರಗಳಿಗೆ ಕಟ್ಟಿದರು. ಅಂಗೈ ಬೊಬ್ಬೆ ಬಂದರೂ ಗಣಿಯ ಉದ್ದಗಲ ಕೊರೆದೆವು.

ಎಲ್ಲ ಕಡೆಯೂ ಗೇಣು ದಪ್ಪದಷ್ಟೇ ಅದಿರು, ಅದರ ಕೆಳಗೆ ಜೇಡಿ. ಹಿಂದೆ ಗಣಿ ನಡೆಸಿದವರು ಮಿಕ್ಕಿದ್ದನ್ನೆಲ್ಲ ಕೆರೆದು ಒಯ್ದಿದ್ದರು. ಉಳಿದಿದ್ದರಿಂದ ಗಣಿ ತೆರೆಯುವ ಖರ್ಚೂ ಹುಟ್ಟುತ್ತಿರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಮಾರ್ಚಿನಲ್ಲಿ ಸುದ್ದಿ ಹೇಳಲು ಹೋದಾಗ ರತ್ನಕ್ಕ ಕೊಯ್ಲಿನಲ್ಲಿದ್ದರು.

"ಎಂತ ಸಿಕ್ತ್ ಸಾರ್?"

"ಏನೂ ಇಲ್ಲ ರತ್ನಕ್ಕ."

"ಇಲ್ಲ ಅಂತ ಹೇಳುಕೆ ಇಷ್ಟ್ ದೂರ ಬಂದ್ರ್ಯಾ?" ಎಂದವರು ಕತ್ತಿ ಬಿಟ್ಟು, ನನಗೆ ಮಜ್ಜಿಗೆ ತರಲು ಎದ್ದರು.

ನಮ್ಮ ಕೆಲಸದಲ್ಲಿ ಸಿಗುವುದಕ್ಕಿಂತ ಸಿಗದಿರುವುದೇ ಹೆಚ್ಚು. ಸಿಗದೆ ಹೋದರೂ ಆ ಊರಿಗೆ ಮತ್ತೆ ಹೋಗಿ ಮುಖ ತೋರಿಸಲು ಆಗುವಂತೆ ಹುಡುಕಬೇಕು. ಅಂದು ಪಂಪು ಹಚ್ಚಿದ್ದರೆ ಅದೇ "ಇಲ್ಲ"ವನ್ನು ಒಣಗಿದ ಗದ್ದೆಯ ಅಂಚಿನಲ್ಲಿ ನಿಂತು ಹೇಳಬೇಕಾಗುತ್ತಿತ್ತು.