ಖಾಲಿ ಸ್ಟ್ರಿಪ್

ಮಾರಾಯ್ರೆ, ಈಗಷ್ಟೇ ಆದದ್ದು, ಹೇಳಿದ್ರೆ ನೀವು ನಂಬ್ಲಿಕ್ಕಿಲ್ಲ! ಮುಂಬೈ ಸಾಂತಾಕ್ರೂಜ್‌ನ ನಮ್ಮ ಮೆಡಿಕಲ್ ಶಾಪ್‌ಗೆ ಅಫ್ಘಾನಿ ಅತ್ತೆ-ಸೊಸೆ ಬಂದ್ರು. ದವಾಖಾನೆಯಲ್ಲಿ ಆಧಾರ್ ಕೇಳ್ತಾರೆ, ಇವರ ಹತ್ರ ನಿರಾಶ್ರಿತರ ಕಾರ್ಡ್ ಮಾತ್ರ, ಹಾಗಾಗಿ ಎಲ್ಲದಕ್ಕೂ ನಾವೇ ಡಾಕ್ಟ್ರು. ಸೊಸೆಗೆ ಹಿಂದಿ ಬರೋದಿಲ್ಲ.

"ಇವಳಿಗೆ ತಲೆನೋವು. ಐದನೇ ಮಗು ಹುಟ್ಟಿದ್ರೆ ಸರಿಯಾಗ್ತದೆ," ಅಂದ್ರು ಅತ್ತೆ.

ಅಷ್ಟರಲ್ಲಿ ಸೊಸೆ ದುಪಟ್ಟಾದ ಅಡಿಯಿಂದ ಗರ್ಭನಿರೋಧಕ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿದ್ಳು, ಅತ್ತೆಗೆ ಕಾಣದ ಹಾಗೆ! ತಲೆನೋವಿನ ಮಾತ್ರೆ ಜೊತೆ ಅದರದ್ದೇ ಹೊಸ ಸ್ಟ್ರಿಪ್ಪನ್ನೂ ಚೀಲಕ್ಕೆ ಹಾಕಿದೆ. ಅತ್ತೆ ಚೀಲ ಕಿತ್ಕೊಂಡು ನೋಡಿದ್ರು.

"ಇದೆಂತದು?"

"ರಕ್ತ ಹೆಚ್ಚಾಗ್ಲಿಕ್ಕೆ, ಖಾಲಾ," ಅಂದೆ.

ಪೂರ್ತಿ ಸುಳ್ಳಲ್ಲ, ಅದರ ಇಪ್ಪತ್ತೆಂಟು ಮಾತ್ರೆಯಲ್ಲಿ ಏಳು ಕಬ್ಬಿಣಾಂಶದ್ದೇ! ಅತ್ತೆ ನಕ್ಕು ಕೈ ಚಾಚಿದ್ರು.

"ಹಾಗಾದ್ರೆ ನನಗೂ ಒಂದು ಕೊಡು, ಬೇಟಾ."

ನೀವಾಗಿದ್ರೆ ಎಂತ ಮಾಡ್ತಿದ್ರಿ, ಹೇಳಿ?