ಇಯೋಲೆ ಊರು ಬಿಟ್ಟ ಮಧ್ಯಾಹ್ನ

ವೆನಿಸ್ ಬಿಟ್ಟು ಹೋಗುವವರನ್ನು ಕಂಡರೆ ಇಯೋಲೆಗೆ ಆಗುತ್ತಿರಲಿಲ್ಲ. ಅವಳ ಅಡುಗೆಮನೆಯ ಕಿಟಕಿ ಹಿಂದಿನ ಕಾಲುವೆಯ ಕಡೆಗಿತ್ತು. ಆ ಓಣಿಯಲ್ಲಿ ಯಾರೇ ಗಂಟುಮೂಟೆ ಕಟ್ಟಿ ನೀರಿನಾಚೆ ಕಾರು ಓಡಾಡುವ ಮೆಸ್ತ್ರೆಗೆ ಹೊರಟರೂ, ಅವರ ಬೀರು ಮಂಚ ಹೇರಿದ ದೋಣಿ ಆ ಕಿಟಕಿಯ ಕೆಳಗೇ ಹಾದುಹೋಗಬೇಕು. ಇಯೋಲೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಗ್ಗುತ್ತಿದ್ದಳು.

"ಹೋಗ್ರಮ್ಮಾ, ಹೋಗಿ! ಅಲ್ಲಿರೋ ಕಾರುಗಳನ್ನೆಲ್ಲ ಕೇಳ್ದೆ ಅಂತ ಹೇಳಿ!"

ಮೇಲಿನ ಮನೆಯ ಎಲ್ವಿರಾ ಕಣ್ಣೊರೆಸಿಕೊಳ್ಳುತ್ತಾ ಹೋದಾಗಲೂ ಬಿಡಲಿಲ್ಲ. "ಮಹಾರಾಣಿಗೆ ಲಿಫ್ಟ್ ಬೇಕಾಯ್ತೇನೋ!" ಎಂದಳು. ಸ್ವಂತ ಮಗ ಡಾನಿಲೋ ಬಾಡಿಗೆ ಕಟ್ಟಲಾಗದೆ ಹೆಂಡತಿಯನ್ನು ಕರೆದುಕೊಂಡು ಮೆಸ್ತ್ರೆಗೆ ಹೋದಾಗ ತಿಂಗಳುಗಟ್ಟಲೆ ಅವನ ಫೋನು ಎತ್ತಲಿಲ್ಲ. ಅವಳ ನಾಲಿಗೆಯೇ ಅಂಥದ್ದು, ಕತ್ತರಿಯ ಹಾಗೆ. ಹಾಗಂತ ಅವಳಿಗೆ ಮನಸ್ಸಿರಲಿಲ್ಲ ಎಂದಲ್ಲ. ಒಂದೊಂದು ದೋಣಿ ಹೋದ ದಿನವೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹರೆಯದಲ್ಲಿ ಅವಳು ದೊಡ್ಡದೊಂದು ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಊರು ನೋಡಲು ಬಂದವರ ಮುಖ ಕಂಡದ್ದು ಕಡಿಮೆ, ಅವರ ಜಾತಕವನ್ನೆಲ್ಲ ದಿಂಬಿನ ಚೀಲದಲ್ಲೇ ಓದುತ್ತಿದ್ದಳು. "ಬರೋವಾಗ ಸ್ವರ್ಗಕ್ಕೆ ಬಂದಂಗೆ ಬರ್ತಾರೆ ಪಾಪ. ಆಮೇಲೆ ದಾರಿ ತಪ್ಪಿ ಅಲೆದೂ ಅಲೆದೂ ಕಾಲೆಲ್ಲ ಬೊಬ್ಬೆ. ಜೇಬು ಖಾಲಿ. ಗಂಡ ಆ ಕಡೆ ಮುಖ, ಹೆಂಡ್ತಿ ಈ ಕಡೆ ಮುಖ. ದಿಂಬಿನ ತುಂಬಾ ಕಾಡಿಗೆ! ಆದ್ರೂ ಮನೆಗೆ ಹೋಗಿ ಚೆನ್ನಾಗಿತ್ತು ಅಂತಾನೇ ಹೇಳ್ತಾರೆ," ಎಂದು ನಗುತ್ತಿದ್ದಳು.

ಮಂಡಿ ಕೈಕೊಟ್ಟ ಮೇಲೆ ಇಯೋಲೆ ಮೆಟ್ಟಿಲಿಳಿಯುವುದನ್ನೇ ಬಿಟ್ಟಳು. ಸರಕಿನ ದೋಣಿ ನಡೆಸುವ ಡಾನಿಲೋ ಕೆಲಸದ ನಡುವೆ ಬಂದು ಬ್ರೆಡ್ಡು, ಮೀನು, ಔಷಧಿ ಇಟ್ಟು ಹೋಗುತ್ತಿದ್ದ. ಅದರ ಜೊತೆಗೆ ಒಂದಿಷ್ಟು ಸುದ್ದಿಯನ್ನೂ ತರುತ್ತಿದ್ದ. "ಬೇಕರಿ ರೊಮಿಲ್ಡಾ ನಿನ್ನ ಕೇಳಿದ್ಲಮ್ಮ." "ಮಾಂಸದಂಗಡಿ ಫೆರುಚ್ಚೊ ಕೇಳಿದಾನೆ, ಮಂಡಿ ಹೇಗಿದೆ ಅಂತ."

ರೊಮಿಲ್ಡಾಳ ಬೇಕರಿ ಮುಚ್ಚಿ ಯಾವ ಕಾಲವಾಗಿತ್ತೋ. ಫೆರುಚ್ಚೊ ಸತ್ತೇ ಹೋಗಿದ್ದ. ಮೊದಲ ಸಲ ಡಾನಿಲೋ ಸುಳ್ಳು ಹೇಳಿದ್ದು, ಅವಳ ಮುಖ ನೋಡಲಾಗದೆ. ಎರಡನೆಯ ಸಲ, ಮೊದಲನೆಯದನ್ನು ಉಳಿಸಿಕೊಳ್ಳಲು. ಆಮೇಲೆ ಅದೇ ರೂಢಿಯಾಯಿತು. "ರೊಮಿಲ್ಡಾ ಬ್ರೆಡ್ಡು ಈಚೀಚೆಗೆ ರುಚಿ ಕೆಟ್ಟಿದೆ ಕಣೋ, ನಾನಂದೆ ಅಂತ ಹೇಳು ಅವ್ಳಿಗೆ," ಎಂದು ತಾಯಿ ಬೈದರೆ "ಹೇಳ್ತೀನಮ್ಮ" ಎನ್ನುತ್ತಿದ್ದ. ಬ್ರೆಡ್ಡು ಮೆಸ್ತ್ರೆಯ ಸೂಪರ್ ಮಾರ್ಕೆಟ್ಟಿನದು.

ಚಳಿಗಾಲದಲ್ಲಿ ಇಯೋಲೆ ಬಚ್ಚಲಲ್ಲಿ ಬಿದ್ದಳು. ಇನ್ನು ಒಬ್ಬಳೇ ಇರುವಂತಿಲ್ಲ ಎಂದರು ಡಾಕ್ಟರು. ಡಾನಿಲೋನ ಮನೆಯಲ್ಲಿ ಮಂಚ ಹಾಕಲು ಜಾಗವಿಲ್ಲ. ಕೊನೆಗೆ ಒಂದು ವೃದ್ಧಾಶ್ರಮದಲ್ಲಿ ಹಾಸಿಗೆ ಸಿಕ್ಕಿತು, ಅದೂ ಮೆಸ್ತ್ರೆಯಲ್ಲೇ. ಇಯೋಲೆ ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಒಂದು ಮಾತು ಕೇಳಿಕೊಂಡಳು.

"ನಾನು ಹೋಗೋದನ್ನ ಒಬ್ಬರೂ ನೋಡ್ಬಾರ್ದು. ಹಿಂದಿನ ನೀರಿನ ಬಾಗಿಲಿಂದ ದೋಣೀಲಿ ಕರ್ಕೊಂಡು ಹೋಗು. ಮಧ್ಯಾಹ್ನ, ಎಲ್ಲಾರೂ ಊಟಕ್ಕೆ ಕೂತಾಗ. ರೊಮಿಲ್ಡಾಗೆ ಗೊತ್ತಾದ್ರೆ ನಾನು ಬದುಕಿರಲ್ಲ ಕಣೋ."

"ಆಯ್ತಮ್ಮ," ಎಂದ ಡಾನಿಲೋ. ಅವನಿಗೂ ಆ ಬಾಗಿಲೇ ಬೇಕಿತ್ತು. ಮುಂಬಾಗಿಲಿನಿಂದ ಹೋದರೆ ಬೇಕರಿ, ಮಾಂಸದಂಗಡಿ ಇದ್ದ ಚೌಕ ದಾಟಬೇಕು. ಅಮ್ಮ ಚೌಕ ಕಂಡರೆ ಅವನ ಬಣ್ಣ ಬಯಲಾದಂತೆಯೇ.

ಹೊರಡುವ ದಿನ ಮುಖವಾಡದ ಹಬ್ಬವಾದ ಕಾರ್ನಿವಲ್ಲಿನ ನಡುವೆ ಬಂತು. ಇಯೋಲೆ ತುಟಿಗೆ ಬಣ್ಣ ಹಚ್ಚಿ, ಹಳೆಯ ತುಪ್ಪಳದ ಕೋಟು ಹಾಕಿ, ತಲೆಗೆ ಶಾಲು ಹೊದ್ದು ಸಿದ್ಧಳಾಗಿದ್ದಳು. ಚಳಿಗಾಲವಿಡೀ ಈ ಊರಿನವರಿಗೆ ನೀರು ಏರುತ್ತದೆಂಬ ಭಯ. ಡಾನಿಲೋ ಕೂಡ ಉದ್ದನೆಯ ಬೂಟು ಸಿದ್ಧಮಾಡಿಕೊಂಡು ಬಂದಿದ್ದ. ಆವತ್ತು ನೋಡಿದರೆ ಸಮುದ್ರದ ಇಳಿತಕ್ಕೆ ನೀರು ತೀರಾ ಇಳಿದಿತ್ತು. ಕಾಲುವೆಯಲ್ಲಿ ಬರೀ ಕಪ್ಪು ಕೆಸರು, ಬಾಗಿಲ ಪಾಚಿಗಟ್ಟಿದ ಮೆಟ್ಟಿಲುಗಳು ಕೊನೆಯವರೆಗೂ ಬಯಲಾಗಿದ್ದವು. ವೃದ್ಧಾಶ್ರಮದ ದೋಣಿ ತಿರುವಿನಲ್ಲೇ ಹೂತು ನಿಂತಿತು, ಕಷ್ಟಪಟ್ಟು ಹಿಂದಕ್ಕೆ ಹೋಗಿ ದೊಡ್ಡ ಕಾಲುವೆಯ ದಡ ಸೇರಿತು.

"ನೀರು ಬರೋವರ್ಗೂ ಕಾಯೋಣ," ಎಂದ ಡಾನಿಲೋ.

"ಬರೋದು ರಾತ್ರಿಗೆ ಸ್ವಾಮಿ. ಸಂಜೆ ಮೇಲೆ ಅಲ್ಲಿ ಯಾರನ್ನೂ ಸೇರಿಸಿಕೊಳ್ಳಲ್ಲ, ಹಾಸಿಗೆ ಬೇರೆಯವ್ರಿಗೆ ಹೋಗುತ್ತೆ," ಎಂದರು ಇಯೋಲೆಯನ್ನು ಹೊರಲು ವೃದ್ಧಾಶ್ರಮದಿಂದ ಬಂದಿದ್ದ ಇಬ್ಬರು. ಸರಕು ಹೊರುವ ದೋಣಿಯವನು ಡಾನಿಲೋ. ದಿನಾ ನೀರಿನ ಮೇಲಿರುವವನು. ಇವತ್ತು ಬೊಗಸೆ ನೀರಿಗೆ ಗತಿಯಿಲ್ಲದೆ ಕೈಕಟ್ಟಿ ನಿಂತ.

ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮುಂಬಾಗಿಲಿನಿಂದ ಹೊತ್ತರು. ಇಯೋಲೆ ಶಾಲನ್ನು ಮೂಗಿನವರೆಗೆ ಎಳೆದುಕೊಂಡಳು. "ಬೇಗ ಬೇಗ ಹೋಗ್ರಪ್ಪಾ. ಊಟದ ಹೊತ್ತು, ಯಾರೂ ಇರಲ್ಲ."

ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನವರಾದರೆ ಊಟಕ್ಕೆ ಮನೆಗೆ ಹೋಗುತ್ತಾರೆ. ನೋಡಲು ಬಂದವರು ನಿಂತಲ್ಲೇ ತಿನ್ನುತ್ತಾರೆ, ಇದು ಇಯೋಲೆಗೆ ಹೊಳೆದಿರಲಿಲ್ಲ. ಗರಿಯ ಟೋಪಿ, ಬಂಗಾರದ ಮುಖವಾಡ, ಕೈಯಲ್ಲಿ ಸಕ್ಕರೆ ಉದುರುವ ಕರಿದ ಉಂಡೆ. ತುಪ್ಪಳದ ಕೋಟಿನ ಮುದುಕಿ ಕುರ್ಚಿಯಲ್ಲಿ ಮೆರೆಯುತ್ತಾ ಬಂದದ್ದು ಅವರಿಗೆ ಹಬ್ಬದ ವೇಷವೆಂದೇ ಅನಿಸಿತು. ಚಪ್ಪಾಳೆ ತಟ್ಟಿದರು. ಬಣ್ಣದ ಕಾಗದದ ಚೂರು ಎರಚಿದರು. ಮುಖವಾಡದ ಹುಡುಗಿಯೊಬ್ಬಳು ಕುರ್ಚಿಗೆ ಒರಗಿ ಫೋಟೋ ತೆಗೆಸಿಕೊಂಡಳು.

"ದಾರಿ ಬಿಡಿ! ಕಾಯಿಲೆಯವ್ರು! ಬಿಡಿ ದಾರಿ!" ಡಾನಿಲೋ ಗಂಟಲು ಹರಿಯುವಂತೆ ಕೂಗಿದ. ಅದೂ ನಾಟಕದ ಮಾತೆಂದು ಜನ ಇನ್ನಷ್ಟು ನಕ್ಕರು. ಅವನಿಗೆ ಅಳು ಉಕ್ಕಿ ಬಂತು. ಹೊಡೆಯೋಣವೆಂದರೆ ಯಾರನ್ನು ಹೊಡೆಯುವುದು? ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಗುಂಪಿನಲ್ಲಿ ಕುರ್ಚಿ ಸಿಕ್ಕಿ ನಿಂತಿತು. ಇಯೋಲೆ ಶಾಲಿನ ಸಂದಿನಿಂದ ಅತ್ತಿತ್ತ ನೋಡಿದಳು.

"ಇದು ರೊಮಿಲ್ಡಾ ಬೇಕರಿ ಅಲ್ವೇನೋ?"

ಬಾಗಿಲ ತುಂಬ ಮುಖವಾಡ ತೂಗುಹಾಕಿದ್ದರು. "ಹೂಂ," ಎಂದ ಡಾನಿಲೋ.

"ಮೊನ್ನೆ ಕೇಳಿದ್ಲು ಅಂದ್ಯಲ್ಲ?"

ಅವನು ಅವಳ ಕೋಟಿನ ಮೇಲೆ ಬಿದ್ದಿದ್ದ ಕಾಗದದ ಚೂರು ಕೊಡವತೊಡಗಿದ.

"ಫೆರುಚ್ಚೊ?"

"ತೀರ್ಕೊಂಡ್ನಮ್ಮ."

"ಮೇಲ್ಗಡೆ ಕಿಟಕಿ ಎಲ್ಲ ಯಾಕೆ ಮುಚ್ಚಿವೆ?"

"ಪ್ರವಾಸಿಗರಿಗೆ ಬಾಡಿಗೆ ಕೊಟ್ಟಿದಾರೆ. ನಮ್ಮೋರು ಯಾರೂ ಇಲ್ಲ."

ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ. ಇಯೋಲೆ ಬೈಯಲಿಲ್ಲ. ಮುಖದ ಮೇಲಿನ ಶಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಕೂದಲು ಸರಿಮಾಡಿಕೊಂಡಳು.

"ನಿಧಾನಕ್ಕೆ ಹೋಗೋಕೆ ಹೇಳೋ," ಎಂದಳು. "ಒಬ್ಬರಾದ್ರೂ ಗುರುತು ಹಿಡೀತಾರೇನೋ."

ನಿಧಾನವಾಗಿಯೇ ಹೋದರು. ಸೇತುವೆಯ ಮೇಲೆ ಅವಳು ಎದುರು ಬಂದ ಒಬ್ಬೊಬ್ಬರ ಮುಖವನ್ನೂ ಕತ್ತು ಚಾಚಿ ನೋಡಿದಳು. ಅವರೂ ಅವಳನ್ನು ನೋಡಿದರು, ಕೈಬೀಸಿದರು, ಫೋಟೋ ತೆಗೆದರು. ದೋಣಿಗೆ ಇಳಿಸಿದ ಮೇಲೂ ಇಯೋಲೆ "ಒಂದ್ನಿಮಿಷ ನಿಲ್ಸಪ್ಪಾ" ಎಂದು ದಡದ ಕಡೆಗೇ ತಿರುಗಿ ಕೂತಳು. ದೋಣಿಯವನು ಹಗ್ಗ ಕೈಯಲ್ಲಿ ಹಿಡಿದು ನಿಂತ.

"ಕಳಿಸಿಕೊಡೋಕೆ ಯಾರಾದ್ರೂ ಬರೋರಿದಾರಾ?" ಎಂದು ಕೇಳಿದ.

ಇಯೋಲೆ ಮಗನ ಮುಖ ನೋಡಿದಳು. ಡಾನಿಲೋ ಇಲ್ಲವೆಂದು ತಲೆಯಾಡಿಸಿದ.